ಲೋಟದಲ್ಲಿ ಸಿಗದ ವಿಷ

ಕನ್ನಡಿ ಅಂಗಡಿಯ ಯಜಮಾನರು ಗಾಜು ಕೊಯ್ಯುವ ಮೇಜಿನ ಪಕ್ಕದಲ್ಲೇ ಬಿದ್ದಿದ್ದರು. ಕೈಕಾಲು ಸೆಟೆದಿತ್ತು. ಬಾಯಲ್ಲಿ ನೊರೆ. ಭಾವಮೈದುನ ಕೊಟ್ಟ ಚಹಾ ಕುಡಿದು ಲೋಟ ಕೆಳಗಿಟ್ಟಿದ್ದರು, ಅಷ್ಟೆ.

ಸಬ್ ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಬೀದಿಯವರ ತೀರ್ಪೂ ಆಗಿಹೋಗಿತ್ತು: ವಿಷ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬೀದಿ ಅದು. ಇಬ್ಬರಿಗೂ ಈಚೆಗೆ ದಿನಾ ಜಗಳವಂತೆ. ಸಾಲದ್ದಕ್ಕೆ ಭಾವಮೈದುನ ಲೋಟ ತೊಳೆದಿಟ್ಟಿದ್ದ.

"ಲೋಟ ಯಾಕಪ್ಪ ತೊಳೆದೆ?" ಎಂದಳು ಸಬ್ ಇನ್ಸ್‌ಪೆಕ್ಟರ್.

"ಅಭ್ಯಾಸ ಮೇಡಂ. ಕುಡಿದ ಲೋಟ ಹಾಗೇ ಬಿದ್ದಿದ್ರೆ ಭಾವ ಬೈತಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮುಖ ಅವನದು. ಆದರೆ ಗಾದೆ ನಂಬಿ ಬೇಡಿ ಹಾಕುವ ಚಪಲ ಆಕೆಗಿರಲಿಲ್ಲ. ಮೂಲೆಯಲ್ಲಿದ್ದ ಒಡಕು ಗಾಜಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೊಯ್ದ ಗೆರೆ ಒಂದೂ ನೆಟ್ಟಗಿರಲಿಲ್ಲ. ಅದೇ ಜಗಳದ ಮೂಲ ಎಂದ ಅವನು. ಮೂರ್ನಾಲ್ಕು ದಿನದಿಂದ ಭಾವನ ಕೈ ನಡುಗುತ್ತಿತ್ತು, ಮೈ ಬೆವರುತ್ತಿತ್ತು, ರಾತ್ರಿ ನಿದ್ದೆಯಿರಲಿಲ್ಲ. ಗಾಜು ಹಾಳಾದ ತಪ್ಪನ್ನು ಮಾತ್ರ ಇವನ ತಲೆಗೆ ಕಟ್ಟುತ್ತಿದ್ದರಂತೆ.

ಇವತ್ತು ಕುಡಿದ ಚಹಾ ಮೊನ್ನೆಯೇ ಕೈ ನಡುಗಿಸುವುದುಂಟೇ? ಆಕೆ ಅವನನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಟಳು. ಬೀದಿಗೆ ನಿರಾಸೆಯಾಯಿತು.

* * *

ಅಲ್ಲಿ ಯಜಮಾನರಿಗೆ ಮತ್ತೊಮ್ಮೆ ಫಿಟ್ಸ್ ಬಂದಿತ್ತು. ಹೀಗೇ ಬರುತ್ತಿದ್ದರೆ ಜೀವಕ್ಕೆ ಅಪಾಯ, ಕಾರಣ ಬೇಗ ಸಿಗಬೇಕು ಎಂದರು ಡಾಕ್ಟರು. ರಕ್ತದಲ್ಲಿ ವಿಷವಿರಲಿಲ್ಲ. ದಿನಾ ತೆಗೆದುಕೊಳ್ಳುವ ಔಷಧವೇನಾದರೂ ಉಂಟೇ ಎಂದು ಆಕೆ ಕೇಳಿದಳು. ವರ್ಷಗಟ್ಟಲೆಯಿಂದ ನಿದ್ದೆ ಮಾತ್ರೆ ಎಂದರು ಹೆಂಡತಿ. ಅರ್ಧದಿಂದ ಶುರುವಾದದ್ದು ತಾವಾಗೇ ಏರಿಸಿಕೊಂಡು ಎರಡಾಗಿತ್ತು. ನಿನ್ನೆಯೂ ನುಂಗಿ ಮಲಗಿದ್ದರು.

ಡಾಕ್ಟರು ಹುಬ್ಬು ಗಂಟಿಕ್ಕಿದರು. ರಕ್ತದಲ್ಲಿ ಆ ಮಾತ್ರೆಯ ಸುಳಿವೂ ಇರಲಿಲ್ಲ.

ಆಕೆ ಮನೆಯಿಂದ ಮಾತ್ರೆ ಡಬ್ಬಿ ತರಿಸಿದಳು. ಪಟ್ಟಿಯಿಂದ ಬಿಡಿಸಿ ತುಂಬಿದ ಬಿಳಿ ಮಾತ್ರೆಗಳು. ಡಾಕ್ಟರು ಒಂದನ್ನು ತಿರುಗಿಸಿ ನೋಡಿದರು. ಅದು ಮೂಳೆಗೆ ಕೊಡುವ ಕ್ಯಾಲ್ಸಿಯಂ ಮಾತ್ರೆ.

"ಡಬ್ಬಿ ತುಂಬೋದು ಯಾರಮ್ಮ?" ಎಂದಳು ಸಬ್ ಇನ್ಸ್‌ಪೆಕ್ಟರ್.

ಹೆಂಡತಿ ಪಕ್ಕದಲ್ಲಿ ನಿಂತಿದ್ದ ಮಗಳ ಕಡೆ ನೋಡಿದರು.

"ಅದು ಚಟ ಆಗುತ್ತೆ ಅಂತ ಓದಿದ್ದೆ," ಎಂದಳು ಮಗಳು. "ಹೇಳಿದ್ರೆ ಅಪ್ಪ ಬಿಡ್ತಿರಲಿಲ್ಲ. ಅದಕ್ಕೇ ಬದಲಾಯಿಸಿಟ್ಟೆ. ನಾಲ್ಕು ದಿನ ನಿದ್ದೆ ಬರಲ್ಲ, ಆಮೇಲೆ ಸರಿಹೋಗುತ್ತೆ ಅಂದ್ಕೊಂಡೆ."

"ಏನು ಕೊಟ್ಟರು ಅಂತ ನಾವೆಲ್ಲ ಹುಡುಕ್ತಿದ್ವಿ," ಎಂದಳು ಸಬ್ ಇನ್ಸ್‌ಪೆಕ್ಟರ್. "ಆಗಿದ್ದು ಕೊಡದೇ ಇದ್ದದ್ದರಿಂದ."

ಡಾಕ್ಟರು ಬಿಡಿಸಿ ಹೇಳಿದರು. ವರ್ಷಗಟ್ಟಲೆ ನುಂಗಿದರೆ ಮೈ ಆ ಮಾತ್ರೆಗೆ ಒಗ್ಗಿಹೋಗುತ್ತದೆ. ದಿಢೀರನೆ ನಿಲ್ಲಿಸಿದರೆ ನಡುಕ, ಬೆವರು, ಕೊನೆಗೆ ಫಿಟ್ಸ್. ಬಿಡಿಸಬೇಕೆಂದದ್ದು ಸರಿಯೇ, ಆದರೆ ಡಾಕ್ಟರನ್ನು ಕೇಳಿ ಚೂರುಚೂರೇ ಇಳಿಸಬೇಕು. ಕೇಳದೆ ಏರಿಸಿದ್ದು ಅಪ್ಪನ ತಪ್ಪು, ಕೇಳದೆ ನಿಲ್ಲಿಸಿದ್ದು ಮಗಳ ತಪ್ಪು. ಮಗಳು ಗೋಡೆಗೊರಗಿ ಅತ್ತಳು. ಸಬ್ ಇನ್ಸ್‌ಪೆಕ್ಟರ್‌ಗೆ ಸಿಟ್ಟು ಬರಲಿಲ್ಲ, ಅಯ್ಯೋ ಎನಿಸಿತು.

* * *

ಕಾರಣ ತಿಳಿದ ಮೇಲೆ ಚಿಕಿತ್ಸೆ ಹಿಡಿಯಿತು. ಮಾರನೆಯ ದಿನ ಯಜಮಾನರು ಎದ್ದು ಕೂತರು. ಮಗಳು ಸೋದರಮಾವನ ಎದುರಿಗೇ ಎಲ್ಲವನ್ನೂ ಒಪ್ಪಿಕೊಂಡಳು. ಸಬ್ ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತಿದ್ದಳು. ಯಜಮಾನರು ಭಾವಮೈದುನನ ಕೈ ಹಿಡಿದು, ಸುಮ್ಮನೆ ನಿನ್ನನ್ನು ಬೈದೆ ಎಂದರು.

ಅಷ್ಟರಲ್ಲಿ ನರ್ಸ್ ಅದೇ ನಿದ್ದೆ ಮಾತ್ರೆಯ ಪಟ್ಟಿ ತಂದಳು. ಯಜಮಾನರು ಅದನ್ನು ಮಗಳ ಕೈಗೆ ಕೊಡಿಸಿದರು.

"ಇನ್ಮೇಲೂ ನೀನೇ ಕೊಡು," ಎಂದರು. "ಆದರೆ ಏನು ಕೊಡ್ತಿದ್ದೀಯ ಅಂತ ಹೇಳಿ ಕೊಡು."

ಮಗಳು ಪಟ್ಟಿಯ ಮೇಲಿದ್ದ ಹೆಸರನ್ನು ಗಟ್ಟಿಯಾಗಿ ಓದಿದಳು. ಎಷ್ಟು ಎಂಬುದನ್ನೂ ಹೇಳಿದಳು. ಅವರು ಬಾಯಿ ತೆರೆದರು.