ರಾವ್ ಬರೆಯದ ವಿಮರ್ಶೆ

ಇಂಗ್ಲಿಷರ ನಾಡಿನ ಕ್ಯಾಮ್ಡನ್‌ನ ಒಂದು ರೆಕಾರ್ಡ್ ಅಂಗಡಿಯಲ್ಲಿ ಶನಿವಾರ ಮಧ್ಯಾಹ್ನ ಕಾಲಿಡಲೂ ಜಾಗವಿರಲಿಲ್ಲ.

ಸಿಡಿ ತುಂಬಿದ ಕಪಾಟುಗಳನ್ನು ಗೋಡೆಗೆ ಸರಿಸಿ, ನಡುವೆ ಪುಟ್ಟ ವೇದಿಕೆ ಮಾಡಿದ್ದರು. ‘ಸ್ಲೋ ಎಸ್ಕಲೇಟರ್ಸ್’ ಎಂಬ ಹೊಸ ರಾಕ್ ಬ್ಯಾಂಡಿನ ಮೊದಲ ಆಲ್ಬಂ ಅದೇ ವಾರ ಬಿಡುಗಡೆಯಾಗಿತ್ತು. ಹುಡುಗ ಹುಡುಗಿಯರು ಹೆಗಲಿಗೆ ಹೆಗಲು ತಾಗಿಸಿ ಕುಣಿಯುತ್ತಿದ್ದರು.

ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದಳು ಮಾಳವಿಕಾ.

ಅವಳ ಎದೆ ಡ್ರಮ್ಮಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಬಡಿಯದೆ ಏನು ಮಾಡೀತು? ಇದೇ ಆಲ್ಬಮ್ಮಿಗೆ ಸಂಗೀತ ವಾರಪತ್ರಿಕೆಯಲ್ಲಿ ಐದಕ್ಕೆ ಎರಡೇ ನಕ್ಷತ್ರ ಕೊಟ್ಟವಳು ಅವಳೇ! ಅವಳ ವಿಮರ್ಶೆಗಳ ಕೆಳಗೆ ಇರುತ್ತಿದ್ದದ್ದು ‘ಎಂ. ರಾವ್’ ಎಂಬ ಹೆಸರು ಮಾತ್ರ. ಆ ರಾವ್ ಯಾರೆಂದು ಓದುಗರಿಗೆ ತಿಳಿಯದು.

ಹಾಡು ಮುಗಿಯಿತು. ಗಿಟಾರ್ ಹಿಡಿದಿದ್ದ ಹಾಡುಗಾರ ಮೈಕಿನ ಮುಂದೆ ಬಂದ. ಎಣ್ಣೆಗಪ್ಪು ಮುಖ, ಕಣ್ಣಿನ ಮೇಲೆ ಬಿದ್ದ ಕೂದಲು.

“ಮುಂದಿನ ಹಾಡು ನಮಗೆ ಎರಡು ನಕ್ಷತ್ರ ದಾನ ಮಾಡಿದ ಮಿಸ್ಟರ್ ರಾವ್ ಅವರಿಗೆ!” ಎಂದ ಇಂಗ್ಲಿಷಿನಲ್ಲಿ.

ಜನ ಹೋ ಎಂದು ಕೂಗಿದರು.

ಅವನು ತಂತಿಯನ್ನು ಬಿಗಿಮಾಡಲು ಬಗ್ಗಿದ. ಮೈಕ್ ಬಾಯಿಯ ಹತ್ತಿರವೇ ಇದ್ದುದನ್ನು ಮರೆತು ಗೊಣಗಿದ: “ಆ ಮುದುಕ ರಾವನ ಕಿವ್ಯಾಗ ಯಾರರ ಹತ್ತಿ ತುರುಕ್ಯಾರೇನ ಮತ್ತ...”

ಕನ್ನಡ! ಕ್ಯಾಮ್ಡನ್‌ನಲ್ಲಿ, ಸ್ಪೀಕರಿನಲ್ಲಿ, ಅಚ್ಚ ವಿಜಾಪುರದ ಕನ್ನಡ!

ಮಾಳವಿಕಾಗೆ ತಡೆಯಲಾಗಲಿಲ್ಲ. “ಹಲೋ! ಮುದುಕನೂ ಅಲ್ಲ, ಕಿವೀಲಿ ಹತ್ತಿನೂ ಇಲ್ಲ!”

ಅವನು ತಲೆ ಎತ್ತಿದ. ಇಡೀ ಅಂಗಡಿಯಲ್ಲಿ ಆ ಮಾತು ಅರ್ಥವಾದದ್ದು ಅವನೊಬ್ಬನಿಗೇ. ಬೆರಳಲ್ಲಿದ್ದ, ಗಿಟಾರ್ ಮೀಟುವ ಪ್ಲಾಸ್ಟಿಕ್ ಚೂರು ಜಾರಿ ನೆಲಕ್ಕೆ ಬಿತ್ತು.

ದೇವರು ಒಬ್ಬೊಬ್ಬರನ್ನು ಒಂದೊಂದು ಬಾಗಿಲಿನಿಂದ ಕರೆಯುತ್ತಾನೆ. ಇವರಿಬ್ಬರನ್ನು ಅವನು ಒಂದು ಬೈಗುಳದ ಬಾಗಿಲಿನಿಂದ ಕರೆದಿದ್ದ.

*

ಕಾರ್ಯಕ್ರಮ ಮುಗಿದಾಗ ಅವನು ಓಡುತ್ತಲೇ ಫುಟ್‌ಪಾತಿಗೆ ಬಂದ.

“ಏನ್ರೀ, ರಾವ್ ಅಂದ್ರ ನೀವ ಏನು?”

“ಹೂಂ. ಮಾಳವಿಕಾ ರಾವ್. ಕ್ರೋಯ್ಡನ್. ಅಪ್ಪ ಅಮ್ಮ ಮೈಸೂರು.”

“ನಾ ಶಶಿಧರ. ವೆಂಬ್ಲಿ. ಸಣ್ಣಾಂವ ಇದ್ದಾಗ ವಿಜಾಪುರದಿಂದ ಬಂದೀವಿ.” ಉಸಿರು ತೆಗೆದುಕೊಂಡ. “‘ಗಿಟಾರುಗಳು ಮನೆಯೊಳಗೆ ಬಂದಿವೆ, ಹಾಡುಗಾರ ಇನ್ನೂ ಬಾಗಿಲ ಹೊರಗೇ ನಿಂತಿದ್ದಾನೆ’... ಹಿಂಗ ಬರದೀರಲ್ಲ, ಏನ್ರೀ ಅದರ ಅರ್ಥ?”

“ನಿಮಗೆ ಗೊತ್ತಿಲ್ವಾ?”

“ಗೊತ್ತಿದ್ರ ಕೇಳ್ತಿದ್ನೇನ್ರೀ?”

“ಆಗ ಮೈಕಲ್ಲಿ ಬೈದ್ರಲ್ಲ, ಆ ದನಿ ನಿಮ್ದು. ಆಲ್ಬಮ್ಮಲ್ಲಿ ಇರೋದು ಯಾರೋ ಮ್ಯಾಂಚೆಸ್ಟರ್ ಹುಡುಗನ ನಕಲು! ಅವನ ಮೂಗಿಂದ ನೀವ್ಯಾಕೆ ಹಾಡ್ತೀರಿ?”

ಅವನ ಮುಖ ಬಿಗಿಯಿತು. ತಿರುಗಿ ಹೊರಟೇಬಿಟ್ಟ.

‘ಅಯ್ಯೋ... ಜಾಸ್ತಿ ಆಯ್ತಾ?’ ಎಂದುಕೊಂಡಳು ಮಾಳವಿಕಾ.

ಮೂಲೆಯವರೆಗೆ ಹೋದವನು ನಿಂತ. ವಾಪಸು ಬಂದ.

“ಸಿಟ್ಟು ಬಂದೈತಿ. ಹೊಟ್ಟಿನೂ ಹಸದೈತಿ. ಟೂಟಿಂಗಿಗೆ ಹೋಗಿ ದೋಸಿ ತಿಂದು ಜಗಳ ಮುಂದುವರಸೂಣು?”

ಅವಳು ನಕ್ಕುಬಿಟ್ಟಳು!

ಜಗಳ ದೋಸೆಯಿಂದ ಕಾಫಿಗೆ ಬಂತು, ಕಾಫಿಯಿಂದ ಮುಂದಿನ ಭಾನುವಾರಕ್ಕೆ ಹೋಯಿತು. ನಂತರ ಭಾನುವಾರಗಳೆಲ್ಲ ಅದರವೇ ಆದವು.

*

ಶಶಿಧರ ಹಗಲು ಪಾರ್ಕ್ ರಾಯಲ್‌ನ ಒಂದು ತಿಂಡಿ ಕಾರ್ಖಾನೆಯಲ್ಲಿ ಸಮೋಸ ಪ್ಯಾಕ್ ಮಾಡುತ್ತಿದ್ದ. ಸಂಜೆ ಅದೇ ಬೀದಿಯ ಖಾಲಿ ಗೋದಾಮಿನಲ್ಲಿ ಬ್ಯಾಂಡಿನ ತಾಲೀಮು.

ಒಂದು ಭಾನುವಾರ ಅವನು ಅವಳನ್ನು ಮನೆಗೆ ಕರೆದೊಯ್ದ. ಅವನ ತಾಯಿ ಕಾಶವ್ವ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದಳು.

“ನನ್ ಮಗಗ ಕಡಿಮಿ ಮಾರ್ಕ್ಸ್ ಕೊಟ್ಟಾಕಿ ನೀನ ಏನವ್ವಾ?”

“ಹೌದು... ಅಮ್ಮಾ.”

“ಚಲೋ ಮಾಡೀದಿ! ಮನ್ಯಾಗ ನನ್ ಕೂಡ ಮಾತಾಡೂ ದನಿನ ಬ್ಯಾರೆ, ಆ ಡಬ್ಬ್ಯಾಗಿಂದ ಬರೂ ದನಿನ ಬ್ಯಾರೆ. ನಾ ಹೇಳಿದ್ರ ಕೇಳಂಗಿಲ್ಲ ಮುಂಡೇದು. ಬಾ, ರೊಟ್ಟಿ ಬಿಸಿ ಅದಾವ.”

“ಯವ್ವಾ! ನೀನೂ ಅಕಿ ಕಡೇನ ಏನು?”

“ರೊಟ್ಟಿ ತಿನ್ನಾಕ ಬಂದವರ ಕಡೆ ನಾನು!”

ಆ ಚಳಿಗಾಲವೆಲ್ಲ ಶಶಿಧರ ಹೊಸ ಹಾಡು ಕಟ್ಟಿದ. ಮಾಳವಿಕಾ ಎಷ್ಟು ಆಸೆಪಟ್ಟರೂ ತಾಲೀಮಿಗೆ ಹೋಗಲಿಲ್ಲ. ಮೊದಲೇ ಕೇಳಿದರೆ ಕಿವಿ ಪಕ್ಷಪಾತಿಯಾಗುತ್ತದೆ ಎಂಬ ಹೆದರಿಕೆ ಅವಳಿಗೆ.

“ಈ ಸಲ ಆಲ್ಬಂ ನಡೀಲಿಲ್ಲಂದ್ರ ರೆಕಾರ್ಡ್ ಕಂಪನಿಯವರು ನಮ್ಮನ್ನ ಕೈ ಬಿಡ್ತಾರಂತ,” ಎಂದ ಒಂದು ದಿನ. “ಅದು ಹೋಗ್ಲಿ. ನನಗ ಒಂದ ಆಸೆ. ರಾವ್ ಸಾಹೇಬ್ರು ಬರೀಬೇಕು. ಎರಡ ನಕ್ಷತ್ರ ಕೊಟ್ರೂ ಸೈ... ನೀವ ಬರೀಬೇಕು.”

ಅವಳು ಆಗಲಿ ಎನ್ನುವಂತೆ ತಲೆಯಾಡಿಸಿದಳು.

*

ಮೇ ತಿಂಗಳಲ್ಲಿ ಸಂಪಾದಕಿ ಹೆಲೆನ್ ಅವಳ ಮೇಜಿನ ಮೇಲೆ ಒಂದು ಸಿಡಿ ಇಟ್ಟಳು.

“ನಿನ್ನ ಎರಡು ನಕ್ಷತ್ರದ ಹುಡುಗರು! ಈ ಸಲ ಮುಖ್ಯ ವಿಮರ್ಶೆ, ಇಡೀ ಪುಟ ನಿನಗೆ.”

ಇಡೀ ಪುಟ! ಕೆಲಸಕ್ಕೆ ಸೇರಿದಾಗಿನಿಂದ ಅವಳು ಕನಸು ಕಂಡಿದ್ದ ಪುಟ!

ಕ್ರೋಯ್ಡನ್‌ಗೆ ಹೋಗುವ ಟ್ರಾಮಿನಲ್ಲೇ ಹೆಡ್‌ಫೋನ್ ಹಾಕಿಕೊಂಡಳು.

ಮೊದಲ ಸಾಲಿಗೇ ಮೈ ಝುಮ್ಮೆಂದಿತು. ಅದೇ ದನಿ! ದೋಸೆಯ ಮುಂದೆ ಜಗಳವಾಡುವ ದನಿ, ತಾಯಿಯನ್ನು ‘ಯವ್ವಾ’ ಎನ್ನುವ ದನಿ. ಮಾತು ಇಂಗ್ಲಿಷಿನದೇ, ಆದರೆ ಎಳೆತ ಊರಿನದು. ಗಿಟಾರುಗಳು ಗಾಳಿಗೆ ಬಾಗುವ ಜೋಳದ ತೆನೆಗಳಂತೆ ಒಟ್ಟಾಗಿ ಏಳುತ್ತಿದ್ದವು, ಬೀಳುತ್ತಿದ್ದವು.

ಮಾಳವಿಕಾಳ ಕಣ್ಣು ತುಂಬಿತು. ಇಳಿಯುವ ಸ್ಟಾಪ್ ದಾಟಿಯೇ ಹೋಯಿತು.

ಮನೆಯಲ್ಲಿ ತಾಯಿ ವೈದೇಹಿ ದೇವರಿಗೆ ದೀಪ ಹಚ್ಚುತ್ತಿದ್ದರು. ಮಾಳವಿಕಾ ಪಕ್ಕದಲ್ಲಿ ಕುಳಿತು ಕಣ್ಣು ಮುಚ್ಚಿದಳು.

‘ಐದು ನಕ್ಷತ್ರ ಕೊಡಬೇಕು ಅನ್ನಿಸ್ತಿದೆ. ಆದರೆ ಹೇಳ್ತಿರೋದು ಕಿವಿನೋ, ಮನಸ್ಸೋ? ದೇವರೇ, ನನಗೇ ತಿಳೀತಿಲ್ವಲ್ಲ!’

ಆ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಬಂಧುವಾಗಲಿ, ಪ್ರೀತಿಯವರಾಗಲಿ, ತನಗೆ ಹತ್ತಿರದವರ ಆಲ್ಬಮ್ಮಿನ ಬಗ್ಗೆ ಯಾರೂ ಬರೆಯುವಂತಿಲ್ಲ. ಇರುವುದನ್ನು ಹೇಳಿ ಪಕ್ಕಕ್ಕೆ ಸರಿಯಬೇಕು. ಯಾರೂ ಕಾವಲು ಕಾಯುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಪುಟ ಅವಳದೇ.

ದೀಪ ಅಲುಗದೆ ಉರಿಯುತ್ತಿತ್ತು. ಅದರ ಮುಂದೆ ಕುಳಿತು ಬಾಯಿ ಮುಚ್ಚಿಕೊಂಡಿರುವುದು ಅವಳಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಮಾಳವಿಕಾ ಹೆಲೆನ್ ಕೈಗೆ ಸಿಡಿ ವಾಪಸು ಕೊಟ್ಟಳು. “ನಾನು ಇದನ್ನ ಬರೆಯೋ ಹಾಗಿಲ್ಲ.”

“ಯಾಕೆ? ಹಾಡುಗಾರ ಸ್ನೇಹಿತನಾ?”

“ಅದಕ್ಕಿಂತ ಹತ್ತಿರ.”

ಹೇಳಿದ ಮೇಲೇ ಅವಳಿಗೆ ಗೊತ್ತಾದದ್ದು, ತಾನೇನು ಹೇಳಿದೆ ಎಂದು! ಕೆನ್ನೆ ಬಿಸಿಯಾಯಿತು. ಹೆಲೆನ್ ನಕ್ಕು, ಸಿಡಿಯನ್ನು ಬೇರೆಯವರ ಮೇಜಿಗೆ ಕಳಿಸಿದಳು.

ಈ ವಿಷಯ ಅವನಿಗೆ ತಾನೇ ಹೇಳಬೇಕು... ಭಾನುವಾರ, ದೋಸೆಯ ಮುಂದೆ, ಎಂದುಕೊಂಡಳು ಮಾಳವಿಕಾ.

ಆದರೆ ಸುದ್ದಿ ಭಾನುವಾರಕ್ಕೆ ಕಾಯಲಿಲ್ಲ.

*

ಗುರುವಾರ ಅವಳ ಮೊಬೈಲ್ ಬಡಿದುಕೊಂಡಿತು.

“ಕಂಪನಿಯವ್ರು ಹೇಳಿದ್ರು. ರಾವ್ ಒಲ್ಲೆ ಅಂತ ಸಿಡಿ ವಾಪಸ್ ಕೊಟ್ರಂತ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆದರಿಸಿತು. “ಎರಡು ನಕ್ಷತ್ರಕ್ಕೂ ಯೋಗ್ಯ ಆಗಿರಲಿಲ್ಲೇನ್ರೀ ಅದು?”

“ಶಶಿ, ಹಾಗಲ್ಲ, ಕೇಳಿ...”

“ಬೈದಿದ್ರ ನಡೀತಿತ್ತು. ಬೈಯಾಕೂ ಬ್ಯಾಡಾಯ್ತಲ್ಲ...”

ಕರೆ ಕಟ್ಟಾಯಿತು. ಮತ್ತೆ ಮಾಡಿದಳು. ಫೋನ್ ಆಫ್!

ಶುಕ್ರವಾರ ವೆಂಬ್ಲಿಯ ಮನೆಗೇ ಫೋನ್ ಮಾಡಿದಳು. ಕಾಶವ್ವ ಎತ್ತಿದಳು.

“ಏನ್ ಮಾಡೀದಿಯವ್ವಾ? ಗಿಟಾರ್ ಮಂಚದ ಕೆಳಗ ಇಟ್ಟಾನ. ಬ್ಯಾಂಡ್ ಸಾಕು ಅಂತಾನ.”

“ಅಮ್ಮಾ, ಅವರಿಗೆ ತಪ್ಪು ತಿಳಿದಿದೆ. ಆ ಹಾಡುಗಳು ಅಷ್ಟು...” ಅವಳಿಗೆ ಅಳು ಬಂತು.

ಕಾಶವ್ವ ಗದರಿದಳು. “ನನ್ ಮುಂದ ಅತ್ರ ಏನ್ ಬಂತು? ಎರಡಕ್ಕ ಅವನ ಶಿಫ್ಟ್ ಬಿಡ್ತೈತಿ. ಹೋಗು!”

*

ಪಾರ್ಕ್ ರಾಯಲ್‌ನ ಬಿಸಿಲಲ್ಲಿ ಬ್ರೆಡ್ಡಿನ ವಾಸನೆ, ಹುರಿದ ಈರುಳ್ಳಿಯ ವಾಸನೆ. ಕಾರ್ಖಾನೆಯ ಗೇಟು ತೆರೆಯಿತು. ನೀಲಿ ಬಲೆಟೋಪಿ ಹಾಕಿದ ಹೆಂಗಸರು, ಗಂಡಸರು ಗುಂಪಾಗಿ ಹೊರಬಂದರು. ಅವರ ನಡುವೆ ಶಶಿಧರ.

ಅವಳನ್ನು ಕಂಡು ನಿಂತ. ಮುಖ ತಿರುಗಿಸಿದ.

“ಶಶಿ! ನಿಲ್ಲಿ!”

“ಯಾಕ್ರೀ? ಈಗ ಸಮೋಸದ ವಿಮರ್ಶೆ ಬರೀಬೇಕೇನು?”

“ಹತ್ತಿರದವರ ಆಲ್ಬಂ ಬಗ್ಗೆ ನಮ್ಮ ಪತ್ರಿಕೇಲಿ ಬರೆಯೋ ಹಾಗಿಲ್ಲ! ಅದು ಪದ್ಧತಿ! ಅದಕ್ಕೇ ವಾಪಸ್ ಕೊಟ್ಟೆ!” ಅವಳು ಒಂದೇ ಉಸಿರಿನಲ್ಲಿ ಕೂಗಿದಳು.

“ಪರಿಚಯದವರ ಬಗ್ಗೆ ಎಲ್ಲಾರೂ ಬರೀತಾರ. ನಾವು ದೋಸಿ ತಿಂದವರು, ಅಷ್ಟ.”

“ಹೆಲೆನ್ ಕೇಳಿದಳು, ಸ್ನೇಹಿತನಾ ಅಂತ. ನಾನು... ಅದಕ್ಕಿಂತ ಹತ್ತಿರ ಅಂದೆ.”

ಅವನ ಕೈ ತಲೆಯ ಟೋಪಿಗೆ ಹೋಗಿ ಅಲ್ಲೇ ಉಳಿಯಿತು.

“ಎಷ್ಟು ಹತ್ತಿರ?”

“ಪ್ರೀತಿಸ್ತೀನಿ ಅನ್ನೋಷ್ಟು! ಸಾಕಾ?”

ಹಿಂದಿದ್ದ ಗುಜರಾತಿ ಹೆಂಗಸರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಒಬ್ಬಳು ಸಿಳ್ಳೆ ಹಾಕಿದಳು!

ಶಶಿಧರ ನಕ್ಕ. “ಅಂದ್ರ... ನನಗ ಹೇಳೂಕಿಂತ ಮೊದಲ ಆಫೀಸಿಗೆ ಹೇಳೀರಿ?”

“ಬಾಯಿಂದ ಬಂದ್ಬಿಡ್ತು...”

“ಇಡೀ ಪುಟ ಬಿಟ್ರಿ? ನನ್ನ ಸಲುವಾಗಿ?”

“ನಾಳೆ ಯಾರೋ ಬರೀತಾರೆ. ಹೊಗಳ್ತಾರೋ, ತೆಗಳ್ತಾರೋ. ಆದರೆ ಅದು ಪ್ರಾಮಾಣಿಕವಾಗಿರುತ್ತೆ. ನನ್ನ ಕಿವಿ ಈಗ ನನ್ನ ಮಾತು ಕೇಳ್ತಿಲ್ಲ, ಶಶಿ.”

ಅವನು ಹತ್ತಿರ ಬಂದ. ಕೈಗೆ ಮಸಾಲೆಯ ವಾಸನೆ. ಅವಳ ಬೆರಳುಗಳನ್ನು ಮೆಲ್ಲನೆ, ಗುಡಿಯ ಪ್ರಸಾದ ಹಿಡಿದಂತೆ, ಹಿಡಿದುಕೊಂಡ.

“ಈಗ ಪತ್ರಿಕಿ ಇಲ್ಲ, ಹೆಲೆನ್ ಇಲ್ಲ. ಖರೇ ಹೇಳು, ಹೆಂಗೈತಿ?”

ಮಾಳವಿಕಾ ಕಣ್ಣೊರೆಸಿಕೊಂಡಳು. “ಮೂರನೇ ಹಾಡು ಉದ್ದ ಆಯ್ತು.”

“ಏನು?!”

“ಕೊನೇಲಿ ಆ ಗಿಟಾರ್ ಅಷ್ಟೊತ್ತು ಬೇಕಿರಲಿಲ್ಲ. ಉಳಿದಿದ್ದೆಲ್ಲ... ಕೇಳ್ತಾ ಕೇಳ್ತಾ ಅತ್ತುಬಿಟ್ಟೆ ಕಣೋ.”

ಅವನು ಬಿಸಿಲಿನಂತೆ ನಕ್ಕ. “ಮುಂದಿನ ಆಲ್ಬಮ್ಮಿನ್ಯಾಗ ಸಣ್ಣದು ಮಾಡ್ತೀನಿ. ಆಗ ಬರೀತಿ?”

“ಇಲ್ಲ.”

“ಅದರ ಮುಂದಿಂದಕ್ಕ?”

“ಅದಕ್ಕೂ ಇಲ್ಲ.” ಅವಳು ಅವನ ಭುಜಕ್ಕೆ ಹಣೆ ಆನಿಸಿದಳು. “ನೀನು ಮುದುಕನಾಗಿ ಹಾಡಿದ್ರೂ ನಾನು ಬರೆಯೋ ಹಾಗಿಲ್ಲ ಶಶಿ... ಯಾವತ್ತೂ.”