‘ನೋಡೋಣ’ ಎಂದವಳು

"ಕೆಡವೋಕೆ ಬಂದವರಾ?"

ದನಿ ಬಂದದ್ದು ಮೇಲಿನಿಂದ. ಹಜಾರದ ಗೋಡೆಯನ್ನು ಬೆರಳಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದ ಅವಳು ಬೆಚ್ಚಿ ತಲೆಯೆತ್ತಿದಳು. ಮಹಡಿಯ ಮೆಟ್ಟಿಲ ಮೇಲೆ ಒಬ್ಬ ನಿಂತಿದ್ದ. ಮಾಸಿದ ಅಂಗಿ, ಕೈಯಲ್ಲಿ ಒಗೆದ ಬಟ್ಟೆಯ ಬಕೆಟ್, ಮುಖದ ತುಂಬ ಸಿಟ್ಟು.

"ಬೆಲ್ ಒತ್ತಿದೆ, ಯಾರೂ ಬರ್ಲಿಲ್ಲ. ಬಾಗಿಲು ತೆಗೆದಿತ್ತು..."

"ಬೆಲ್ ಕೆಟ್ಟು ಯಾವ ಕಾಲ ಆಯ್ತೋ. ಕೆಡವೋಕೆ ಬಂದವರಾ ಅಂತ ಕೇಳ್ದೆ."

"ಅಲ್ಲ. ನಾನು ಮನೆಗೆ ಬೆಲೆ ಕಟ್ಟೋಳು. ನಿಮ್ಮ ಅಕ್ಕ ಬರೋಕೆ ಹೇಳಿದ್ರು. ಕೆಡವೋರು ಬೇರೆ, ಆಮೇಲೆ ಬರ್ತಾರೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಇನ್ನು ಹೊರಗೆ ಹೋಗಿ ಅನ್ನುತ್ತಾನೆ ಎಂದುಕೊಂಡರೆ, ಅವನು ನಕ್ಕುಬಿಟ್ಟ.

"ಸದ್ಯ, ಇದ್ದದ್ದು ಇದ್ದ ಹಾಗೆ ಹೇಳೋರು ಒಬ್ರಾದ್ರೂ ಬಂದ್ರಲ್ಲ. ಬನ್ನಿ, ತೋರಿಸ್ತೀನಿ."

ಅದು ದುಡ್ಡಿದ್ದವರ ಬೀದಿ. ಆಳೆತ್ತರದ ಕಾಂಪೌಂಡುಗಳು, ಗೇಟಿಗೊಬ್ಬ ಕಾವಲಿನವನು, ಸದ್ದೇ ಮಾಡದ ಕಾರುಗಳು. ಅಲ್ಲಿನ ನಾಯಿಗಳನ್ನು ಕೂಡ ಸಂಬಳದವರೇ ಅಡ್ಡಾಡಿಸುತ್ತಿದ್ದರು. ಗಾಜಿನ ಹೊಸ ಮನೆಗಳ ನಡುವೆ ಈ ಹಳೆಯ ದೊಡ್ಡ ಮನೆಯೊಂದೇ ಬಣ್ಣ ಕಳೆದುಕೊಂಡು ನಿಂತಿತ್ತು.

ಮನೆ ಅವನ ದೊಡ್ಡಮ್ಮನದು. ಮಕ್ಕಳಿಲ್ಲದ ದೊಡ್ಡಮ್ಮ, ತಾಯಿ ಇಲ್ಲದ ಅವನನ್ನೂ ಅವನಕ್ಕನನ್ನೂ ಸಾಕಿ ಬೆಳೆಸಿ, ಹೋದ ವರ್ಷ ಕಣ್ಣು ಮುಚ್ಚಿದ್ದರು. ಅಕ್ಕ ಮದುವೆಯಾಗಿ ದೂರದ ಊರು ಸೇರಿದ್ದಳು. ಮನೆ ಮಾರಬೇಕೆಂಬುದು ಅವಳ ಹಟ. ಇವನದು ಮಾರುಕಟ್ಟೆಯ ಹತ್ತಿರ ಒಂದು ಸಣ್ಣ ಕನ್ನಡಕದ ಅಂಗಡಿ. ಮನೆ ಮಾರಿದ ಮೇಲೆ ಅಂಗಡಿಯನ್ನೂ ಮುಚ್ಚಿ ಅಕ್ಕನ ಊರಿಗೇ ಹೋಗುವುದೆಂದು ಮಾತಾಗಿತ್ತು. ಅವಳು ಅಳತೆ ತೆಗೆದುಕೊಳ್ಳುತ್ತ ಹೋದಂತೆ ಇದಿಷ್ಟನ್ನೂ ಅವನು ತಾನಾಗಿಯೇ ಹೇಳಿದ. ಮಾತಾಡಿ ಬಹಳ ದಿನವಾದವರು ಹಾಗೆಯೇ, ಒಮ್ಮೆ ಶುರುವಾದರೆ ನಿಲ್ಲಿಸಲು ಬರುವುದಿಲ್ಲ.

"ಈ ಕೋಣೇಲಿ ಯಾರಿರ್ತಾರೆ?" ಅವಳು ಕೇಳಿದಳು.

"ಯಾರೂ ಇಲ್ಲ."

"ಇದರಲ್ಲಿ?"

"ಇದರಲ್ಲೂ ಇಲ್ಲ. ಅಡುಗೆಮನೆ ಪಕ್ಕದ ಕೋಣೆ ನಂದು. ಬಾಕಿ ಬಾಗಿಲೆಲ್ಲ ಹಾಕಿಬಿಟ್ರೆ ಮನೆ ಚಿಕ್ಕದಾಗುತ್ತೆ ಅಂದ್ಕೊಂಡೆ..." ಅವನು ಬೀಗದ ಕೈ ತಿರುಗಿಸುತ್ತ ಹೇಳಿದ. "ಆಗ್ಲಿಲ್ಲ."

ಅವಳದು ಎರಡೇ ಕೋಣೆಯ ಬಾಡಿಗೆ ಮನೆ. ಸಂಜೆ ಹೋದೊಡನೆ ರೇಡಿಯೊ ಹಾಕುತ್ತಾಳೆ, ಕೇಳುವುದಕ್ಕಲ್ಲ, ಯಾರಾದರೂ ಮಾತಾಡುತ್ತಿರಲಿ ಎಂದು. ಎರಡು ಕೋಣೆಯೂ ಒಬ್ಬಳಿಗೆ ದೊಡ್ಡದಾಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮಾತು ಬದಲಿಸಲು ಚೀಲದಿಂದ ಗಾಜಿನ ಗೋಲಿಯೊಂದನ್ನು ತೆಗೆದು ನೆಲದ ಮೇಲಿಟ್ಟಳು.

"ಆಟ ಆಡೋಕೆ ಬಂದ್ರಾ?"

"ನೆಲ ಯಾವ ಕಡೆ ವಾಲಿದೆ ಅಂತ ತಿಳ್ಕೊಳ್ಳೋಕೆ."

ಗೋಲಿ ಮೆಲ್ಲಗೆ ಉರುಳಿ ಹೋಗಿ ಅವನ ಪಾದಕ್ಕೆ ತಾಗಿ ನಿಂತಿತು.

"ಯಾವ ಕಡೆ ವಾಲಿದೆ?"

"ನಿಮ್ಮ ಕಡೆ," ಎಂದುಬಿಟ್ಟಳು. ಆಡಿದ ಮೇಲೆ ಮಾತಿನ ಅರ್ಥ ಹೊಳೆದು ಕಿವಿ ಬಿಸಿಯಾಯಿತು. ಗೋಲಿ ಎತ್ತಿಕೊಡಲು ಬಗ್ಗಿದವನು ಯಾಕೋ ಬೇಗ ಏಳಲಿಲ್ಲ.

ಕಾಫಿ ಮಾಡಿ ಕೊಟ್ಟ. ಲೋಟ ಇಡುತ್ತ ಅವಳ ಮುಖವನ್ನೇ ದಿಟ್ಟಿಸಿದ. "ತಪ್ಪು ತಿಳೀಬೇಡಿ. ನಿಮ್ಮ ಕನ್ನಡಕ ಎಡಕ್ಕೆ ಸೊಟ್ಟಗಿದೆ. ಕೊಡಿ ಇಲ್ಲಿ."

ಜೇಬಿನಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿನಿಂದ ಏನೋ ತಿರುಗಿಸಿ, ಕಡ್ಡಿಯನ್ನು ಒಂಚೂರು ಬಗ್ಗಿಸಿ, ಅಂಗಿಯ ತುದಿಯಿಂದ ಒರೆಸಿ ಕೊಟ್ಟ.

"ಇಷ್ಟು ದಿನ ಯಾರೂ ಹೇಳ್ಲಿಲ್ವಾ?"

"ಹೇಳೋರು ಯಾರಿದ್ದಾರೆ..."

ಕನ್ನಡಕ ಹಾಕಿಕೊಂಡು ಅವಳು ಲೋಟ ಕೈಗೆತ್ತಿಕೊಂಡಳು. ಆಮೇಲೆ ಅವನೇ ಕೇಳಿದ, "ಹೇಗಿದೆ ನಮ್ಮ ಮನೆ?"

"ನೋಡೋಣ."

ಈ ‘ನೋಡೋಣ’ದ ಕಥೆ ಹೇಳಿಬಿಡಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಫೀಸಿನ ಹಿರಿಯರೊಬ್ಬರು ಕಿವಿ ಹಿಂಡಿ ಕಲಿಸಿದ ಮಾತು ಅದು. "ಚೆನ್ನಾಗಿದೆ ಅಂದ್ರೆ ಮಾಲೀಕ ಉಬ್ಬಿಹೋಗ್ತಾನೆ, ಚೆನ್ನಾಗಿಲ್ಲ ಅಂದ್ರೆ ಜಗಳಕ್ಕೆ ನಿಲ್ತಾನೆ. ಏನು ಕೇಳಿದ್ರೂ ನೋಡೋಣ ಅನ್ನಮ್ಮ." ಅಂದಳು, ಅಂದಳು, ಅನ್ನುತ್ತಲೇ ಹೋದಳು. ಕೊನೆಗೆ ಆ ಮಾತು ಅವಳ ನಾಲಿಗೆಯಲ್ಲೇ ಬೀಡುಬಿಟ್ಟಿತು. ಊಟಕ್ಕೆ ಕರೆದ ಗೆಳತಿಗೂ ‘ನೋಡೋಣ’, ಸೀರೆ ತೋರಿಸಿದ ಅಂಗಡಿಯವನಿಗೂ ‘ನೋಡೋಣ’. ಇಷ್ಟವಾದದ್ದನ್ನು ಇಷ್ಟ ಎನ್ನುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು.

ಮತ್ತೊಂದು ದಿನ ಮಹಡಿ ನೋಡಲು ಬಂದಳು. ಆಮೇಲೆ ಒಂದು ಅಳತೆ ತಾಳೆಯಾಗುತ್ತಿಲ್ಲ ಎಂದು ಬಂದಳು. ಅಳತೆ ತಾಳೆಯಾಗಿತ್ತು, ಸುಳ್ಳು ಹೇಳಿದ್ದು ಅವಳೇ.

ಆ ದಿನ ಗೇಟಿನವರೆಗೆ ಜೊತೆಗೆ ಬಂದವನು ಕಂಬಿ ಹಿಡಿದು ನಿಂತ. "ಕೆಲಸ ಮುಗೀತು. ಇನ್ನು ನೀವು ಬರೋಕೆ ಕಾರಣ ಇಲ್ಲ, ಅಲ್ವಾ?"

"ಹೂಂ..."

"ಕಾರಣ ಇಲ್ದೆ ಬರ್ತೀರಾ? ಸುಮ್ನೆ... ನನ್ನ ನೋಡೋಕೆ?"

ಬರ್ತೀನಿ, ನಾಳೆಯೇ ಬರ್ತೀನಿ ಎಂದು ಮನಸ್ಸು ಕುಣಿಯಿತು. ಬಾಯಿಗೆ ಬಂದದ್ದು ಮಾತ್ರ ಅದೇ.

"ನೋಡೋಣ."

ಅವನ ಮುಖ ಇಳಿಯಿತು. "ಸರಿ," ಎಂದು ಗೇಟು ಹಾಕಿಕೊಂಡ.

ಅವಳು ಬೆಲೆಯ ಲೆಕ್ಕವನ್ನು ಅವನ ಅಕ್ಕನಿಗೆ ಒಪ್ಪಿಸಿದಳು. ಅಂಥ ಬೀದಿಯಲ್ಲಿ ಎಲ್ಲರೂ ಬೆಲೆ ಕಟ್ಟುವುದು ನೆಲಕ್ಕೆ. ಕೆಡವಿ ಹೊಸದು ಕಟ್ಟುವವರಿಗೆ ಹಳೆಯ ಗೋಡೆಗಳಿಂದೇನು? ಕಟ್ಟಡಕ್ಕೆ ಬೆಲೆಯಿಲ್ಲ ಎಂದೇ ಅವಳೂ ಬರೆದಳು.

ಮರುದಿನ ಫೋನು ಬರಲಿಲ್ಲ, ಮರುವಾರವೂ ಬರಲಿಲ್ಲ. ಮನೆಗೆ ಬೆಲೆಯಿಲ್ಲ ಎಂದದ್ದಕ್ಕೆ ಸಿಟ್ಟು ಎಂದುಕೊಂಡಳು. ಇಲ್ಲ, ಒಳ್ಳೆಯ ಬೆಲೆ ಬರಲಿ ಎಂದೇ ಅಷ್ಟು ಚೆನ್ನಾಗಿ ಮಾತಾಡಿದ್ದ ಎಂದುಕೊಂಡಳು. ಹಾಗೆಂದುಕೊಂಡ ದಿನ ಸಂಜೆ ರೇಡಿಯೊ ಕೂಡ ಹಾಕದೆ ಮಂಚದ ಮೇಲೆ ಸುಮ್ಮನೆ ಕೂತಿದ್ದಳು. ಮೊದಲೂ ಒಂಟಿಯೇ ಇದ್ದಳು, ಆದರೆ ಅದು ಹೀಗೆ ನೋಯುತ್ತಿರಲಿಲ್ಲ.

ತಿಂಗಳುಗಳ ಮೇಲೆ ಒಂದು ಭಾನುವಾರ ಚಿಕ್ಕಮ್ಮ ಬಂದರು. ಬಂದವರೇ ಶುರು ಮಾಡಿದರು.

"ಊರೋರ ಮನೆಗೆಲ್ಲ ಬೆಲೆ ಕಟ್ತೀಯ, ನೀನೊಂದು ಮನೆ ಕಟ್ಕೊಳ್ಳೋದು ಯಾವಾಗ್ಲೇ?"

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದ ಮಾತು. ಅಂದು ಮಾತ್ರ ಅವಳು ಚಿಕ್ಕಮ್ಮನ ಮಡಿಲಿಗೆ ಬಿದ್ದು ಅತ್ತುಬಿಟ್ಟಳು. ಬಿಕ್ಕುತ್ತ ಎಲ್ಲವನ್ನೂ ಹೇಳಿದಳು.

"ತಾಳು ತಾಳು. ಬರ್ತೀರಾ ಅಂತ ಅವನು ಕೇಳಿದ. ನೀನೇನಂದೆ?"

"ನೋಡೋಣ ಅಂದೆ."

ಚಿಕ್ಕಮ್ಮ ಹಣೆ ಚಚ್ಚಿಕೊಂಡರು. "ಲೇ, ಪಕ್ಕದ್ಮನೆಯವಳು ಕೈಸಾಲ ಕೇಳಿದ್ರೆ ನಾನೇನಂತೀನಿ?"

"ನೋಡೋಣ ಅಂತೀಯ."

"ಕೊಡ್ತೀನಾ?"

"...ಇಲ್ಲ."

"ಮತ್ತೆ? ಲೋಕದಲ್ಲಿ ನೋಡೋಣ ಅಂದ್ರೆ ಬೇಡ ಅಂತಲೇ. ಹಿಂದೆ ನಿನ್ನ ನೋಡೋಕೆ ಬಂದಿದ್ದ ಆ ಮೇಷ್ಟ್ರ ಸಂಬಂಧ ಕೈತಪ್ಪಿದ್ದೂ ಹೀಗೇ."

"ನಾನು ನಿಜವಾಗ್ಲೂ ನೋಡೋಣ ಅಂತಲೇ ಅಂದದ್ದು ಚಿಕ್ಕಮ್ಮ!"

"ನಿನ್ನ ಅರ್ಥ ನಿನ್ನ ಹೊಟ್ಟೇಲಿತ್ತು. ಅವನ ಕಿವಿಗೆ ಬಿದ್ದಿದ್ದು ಬೇಡ ಅಂತ. ಏಳು, ಮುಖ ತೊಳ್ಕೊ."

ಆ ಬೀದಿ ತಲುಪಿದಾಗ ಗೇಟಿನ ಮುಂದೆ ಬಾಡಿಗೆ ಕಾರು ನಿಂತಿತ್ತು. ಒಳಗೆ ಕುರ್ಚಿಯಿಲ್ಲ, ಪರದೆಯಿಲ್ಲ, ಕೋಣೆಗಳ ಬಾಗಿಲನ್ನು ಕೂಡ ಬಿಚ್ಚಿ ಒಯ್ದಿದ್ದರು. ಮೆಟ್ಟಿಲ ಮೇಲೆ ಅವನೊಬ್ಬನೇ ಕೂತಿದ್ದ, ಪಕ್ಕದಲ್ಲಿ ಸೂಟ್‌ಕೇಸು. ಅವಳನ್ನು ಕಂಡು ಎದ್ದ.

"ಮತ್ತೆ ಅಳತೆ ತಪ್ಪಿದೆಯಾ?"

"ಮಾತು ತಪ್ಪಿದೆ," ಅವಳು ಏದುಸಿರು ಬಿಡುತ್ತ ಹೇಳಿದಳು. "ಅವತ್ತು ನಾನು ಬೇಡ ಅನ್ಲಿಲ್ಲ. ಬೇಡ ಅನ್ನೋ ಅರ್ಥ ಬರುತ್ತೆ ಅಂತ ಹೊಳೀಲೂ ಇಲ್ಲ. ನಂಗೆ... ಬೇರೆ ಮಾತೇ ಬರ್ತಿರಲಿಲ್ಲ. ಆಮೇಲೆ ನೀವು ಫೋನ್ ಮಾಡ್ಲಿಲ್ಲ. ಮನೆಗೆ ಬೆಲೆ ಇಲ್ಲ ಅಂತ ಬರೆದದ್ದಕ್ಕೆ ಸಿಟ್ಟು ಬಂತು ಅಂದ್ಕೊಂಡೆ."

ಅವನು ಒಂದು ಮೆಟ್ಟಿಲು ಇಳಿದ.

"ಮನೆಗೆ ಬೆಲೆ ಇಲ್ಲ ಅನ್ನೋದು ನಂಗೆ ಮೊದಲೇ ಗೊತ್ತಿತ್ತು. ನಂಗೂ ಇಲ್ಲ ಅಂದ್ರಿ ಅಂದ್ಕೊಂಡೆ. ನೋವಾಗದ ಹಾಗೆ ಹೇಳಿದ್ದಾರೆ, ಮತ್ತೆ ಹೋಗಿ ಕಾಡೋದು ಬೇಡ ಅಂತ ಸುಮ್ಮನಾದೆ."

ಹೊರಗೆ ಕಾರಿನವನು ಹಾರ್ನ್ ಮಾಡಿದ. ಅವನು ಸೂಟ್‌ಕೇಸಿಗೆ ಕೈಹಾಕಿದ.

"ಅಕ್ಕ ಕಾಯ್ತಿರ್ತಾಳೆ. ಅಲ್ಲಿಗೆ ಹೋಗ್ಬೇಕು ಅಂತ ಆಸೆ ಏನಿಲ್ಲ. ಇಲ್ಲಿ ಇರು ಅನ್ನೋರು ಯಾರೂ ಇರ್ಲಿಲ್ಲ, ಅಷ್ಟೇ."

ಅವನು ಅವಳನ್ನು ದಾಟಿ ಬಾಗಿಲ ತನಕ ಹೋದ. ಈಗ ಬಿಟ್ಟರೆ ಮುಗಿಯಿತು, ಈ ಜನ್ಮದಲ್ಲಿ ಇನ್ನಿಲ್ಲ.

"ಇರಿ."

ಅವನು ತಿರುಗಿದ. "ಎಷ್ಟು ಹೊತ್ತು? ಕಾರಿನವನು ಆಗ್ಲೇ ಗೊಣಗ್ತಿದ್ದಾನೆ..."

"ಹೊತ್ತಲ್ಲ." ದನಿ ನಡುಗಿದರೂ ಅವಳು ನಿಲ್ಲಿಸಲಿಲ್ಲ. "ಇದ್ದುಬಿಡಿ. ಮನೆ ಹೋದ್ರೆ ಹೋಗ್ಲಿ, ಈ ಊರಲ್ಲಿ ಇದ್ದುಬಿಡಿ. ನನ್ನ ಜೊತೆ. ನಂಗೆ ನೀವು ಬೇಕು."

ಸೂಟ್‌ಕೇಸು ನೆಲಕ್ಕೆ ಬಂತು. ಅವನು ಹತ್ತಿರ ಬಂದು ನಿಂತ. ಅವನ ಕಣ್ಣು ತುಂಬಿತ್ತು.

"ಜೊತೆಗಿರು ಅಂತ ಕರೆಯೋರು ‘ನೀವು’ ಅಂತಾರಾ?"

ಅವಳು ತಲೆ ತಗ್ಗಿಸಿದಳು. ಮತ್ತೆ ಎತ್ತಿದಳು.

"ಇದ್ದುಬಿಡು..."

"ಹೂಂ."

ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೊರಗೆ ಮತ್ತೆ ಹಾರ್ನ್ ಆಯಿತು, ಈ ಸಲ ಬಿಡದೆ.

"ಅವನಿಗೇನು ಹೇಳೋದೀಗ?"

"ನಾನು ಹೇಳಿ ಬರ್ತೀನಿ," ಎಂದಳು. "ನೀನು ಕೂತಿರು."