ವೀರನ ಹೆಂಡತಿ

ಗಿರಿಯಮ್ಮನನ್ನು ಮೊದಲ ಸಲ ಕಂಡ ದಿನವೇ ನಾನು ಅವಳ ಎದುರು ಒಂದು ಸುಳ್ಳು ಹೇಳಿದೆ. ಒಳ್ಳೆಯ ಮನಸ್ಸಿನಿಂದ ಹೇಳಿದ್ದು ಅಂತ ಆಗ ಅಂದುಕೊಂಡಿದ್ದೆ. ಈಗ ನನಗೇ ನಂಬಿಕೆ ಇಲ್ಲ.

ಮೈಸೂರು ಲ್ಯಾನ್ಸರ್ಸ್ ಕುದುರೆ ದಂಡು ಯುದ್ಧ ಮುಗಿಸಿ ಬೆಂಗಳೂರಿಗೆ ವಾಪಸಾದ ವರ್ಷ ಅದು. ಸತ್ತ ಸವಾರರ ಸಾಮಾನನ್ನು ಅವರ ಜೊತೆಗಾರರೇ ಮನೆಗೆ ಮುಟ್ಟಿಸಬೇಕು, ಆಮೇಲೂ ಆಗಾಗ ಹೋಗಿ ಹೆಂಡತಿಯ ಕಷ್ಟಸುಖ ವಿಚಾರಿಸಬೇಕು ಅಂತ ನಮ್ಮ ಸಾಹೇಬರ ಅಪ್ಪಣೆಯಾಯಿತು. ಸತ್ತವರಲ್ಲಿ ಒಬ್ಬನಾದ ಗುಡ್ಡಪ್ಪನ ಮನೆ ದಫೇದಾರ ತಿಮ್ಮರಾಯಪ್ಪನಾದ ನನ್ನ ಪಾಲಿಗೆ ಬಂತು. ನಾನು ಧರ್ಮಪುರದವನು, ಅವನು ಹೊಸದುರ್ಗದ ಕಡೆಯವನು. ಇಬ್ಬರೂ ಕುರಿ ಕಾಯುವ ಮನೆಯವರು.

ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಎತ್ತಿನ ಗಾಡಿ ಹಿಡಿದು, ಹಾಲುರಾಮೇಶ್ವರದ ದಾರಿಯಲ್ಲಿದ್ದ ಅವರ ಹಟ್ಟಿಗೆ ಹೋದೆ. ಗುಡ್ಡಪ್ಪನ ಹೆಂಡತಿ ಗಿರಿಯಮ್ಮ ಉಣ್ಣೆ ನೂಲುತ್ತಿದ್ದಳು. ಅವನ ತಾಯಿ ಏಕನಾಥಮ್ಮ ನನ್ನ ಕೈ ಹಿಡಿದು ಕೂರಿಸಿಕೊಂಡಳು. ಮಗ ಸತ್ತ ಸುದ್ದಿ ಕಾಗದದಲ್ಲಿ ಬಂದಿತ್ತು. ಹೇಗೆ ಸತ್ತ ಅನ್ನುವುದು ಬಂದಿರಲಿಲ್ಲ.

"ಹೆಂಗೆ ಹೋದ್ನಪ್ಪಾ ನನ್ ಮಗ?" ಅಂದಳು.

ಗುಡ್ಡಪ್ಪ ಸತ್ತದ್ದು ಚಳಿಜ್ವರದಲ್ಲಿ. ಜೋರ್ಡಾನ್ ಕಣಿವೆಯ ಆಸ್ಪತ್ರೆ ಡೇರೆಯಲ್ಲಿ ಒಂಬತ್ತು ದಿನ ನರಳಿ, ಮೈಮೇಲೆ ಎಚ್ಚರವಿಲ್ಲದೆ ಹೋದ. ಅದಾದ ಒಂದು ತಿಂಗಳಿಗೆ ನಾವೆಲ್ಲ ತುರ್ಕರು ಹಿಡಿದಿದ್ದ ಹೈಫಾ ಊರಿನ ಮೇಲೆ ಕುದುರೆ ನುಗ್ಗಿಸಿದೆವು. ಆ ಮುದುಕಿಯ ಮುಖ ನೋಡಿ ನನಗೆ ಡೇರೆಯ ಮಾತು ಬಾಯಿಗೆ ಬರಲಿಲ್ಲ. ಹೈಫಾ ಬಂತು. ಗುಡ್ಡಪ್ಪ ಎಲ್ಲರಿಗಿಂತ ಮುಂದೆ ನುಗ್ಗಿದ ಅಂದೆ. ಗುಂಡು ಎದೆಗೆ ತಗುಲಿದರೂ ಭರ್ಜಿ ಬಿಡಲಿಲ್ಲ ಅಂದೆ. ಕೇಳುತ್ತಾ ಕೇಳುತ್ತಾ ಹಟ್ಟಿಯೇ ಸೇರಿತು. ಹೇಳುತ್ತಾ ಹೇಳುತ್ತಾ ನನಗೂ ರುಚಿ ಹತ್ತಿತು.

ಆ ಕಥೆಯಿಂದ ಆ ಮನೆಗೆ ಒಳ್ಳೆಯದೇ ಆಯಿತು ಅನ್ನಿ. ಗಂಡು ದಿಕ್ಕಿಲ್ಲದ ಮನೆ ಅಂತ ಮೂಗು ಮುರಿಯುತ್ತಿದ್ದವರು ಮಳೆ ಬಿದ್ದ ಕೂಡಲೇ ತಮ್ಮ ಹೊಲ ಬಿಟ್ಟು ಅವರ ಹೊಲ ಉಳುವುದಕ್ಕೆ ಶುರು ಮಾಡಿದರು. ಅವರ ಕುರಿಗಳನ್ನು ತಮ್ಮ ಮಂದೆಯಲ್ಲಿ ಸೇರಿಸಿಕೊಂಡು ಮೇಯಿಸಿದರು. ಎರಡನೇ ಸಲ ಹೋಗುವ ಹೊತ್ತಿಗೆ ಹಟ್ಟಿಯ ಮುಂದೆ ಒಂದು ವೀರಗಲ್ಲು ನಿಂತಿತ್ತು.

ಕಲ್ಲುಕುಟಿಗ ಹಳೆಯ ಕಲ್ಲುಗಳನ್ನು ನೋಡಿ ಕೆತ್ತಿದ್ದ. ಕುದುರೆಯ ಮೇಲೆ ಭರ್ಜಿ ಹಿಡಿದ ಸವಾರ, ಪಕ್ಕದಲ್ಲಿ ಬಳೆ ತೊಟ್ಟ ಕೈಯೆತ್ತಿ ನಿಂತ ಹೆಂಗಸು. ಗಂಡನ ಹಿಂದೆ ಬೆಂಕಿಗೆ ಬಿದ್ದವಳನ್ನು ಹಳಬರು ಕೆತ್ತುತ್ತಿದ್ದದ್ದು ಹಾಗೆ.

"ನೋಡ್ರಿ ದಫೇದಾರ್ರೇ, ನನ್ನೂ ಕೆತ್ತವ್ರೆ," ಅಂದಳು ಗಿರಿಯಮ್ಮ. "ಬದುಕಿರೋಳ್ಗೆ ದಿನಾ ಕುಂಕುಮ ಹಚ್ತಾರೆ. ಮೂಗಂತೂ ನಂದಲ್ಲ."

ನಾನು ಅವಳ ಮೂಗನ್ನು ನೋಡಿದೆ. ನೋಡಬಾರದಿತ್ತು. ಅವಳೂ ನಾನು ನೋಡಿದ್ದನ್ನು ನೋಡಿ, ಸೆರಗು ಸರಿಮಾಡಿಕೊಂಡು ನಕ್ಕಳು.

ಆಮೇಲೆ ಎರಡು ತಿಂಗಳಿಗೊಮ್ಮೆ ಹೋಗುತ್ತಿದ್ದವನು ತಿಂಗಳಿಗೊಮ್ಮೆ ಹೋಗತೊಡಗಿದೆ. ಅವಳು ನೂಲುತ್ತಾ ಓರೆಗಣ್ಣಲ್ಲಿ ನೋಡುವಳು, ನೂಲು ಹರಿದರೆ ತಪ್ಪು ನನ್ನದೆನ್ನುವಳು. ಬೂಟು ಹಾಕಿಕೊಂಡು ಕುರಿಹಟ್ಟಿಗೆ ಬರುವವನನ್ನು ಎಲ್ಲೂ ಕಂಡಿಲ್ಲ ಅಂತ ಆಡಿಕೊಳ್ಳುವಳು. ನನ್ನ ಹೆಂಡತಿ ಸಾವಿರದ ಒಂಬೈನೂರ ಹದಿನೆಂಟರ ಇನ್‌ಫ್ಲುಯೆಂಜಾದಲ್ಲಿ ತೀರಿಹೋಗಿದ್ದಳು, ಯುದ್ಧದಲ್ಲಿದ್ದ ನನಗೆ ಅವಳ ಮುಖವನ್ನೂ ನೋಡಲಾಗಲಿಲ್ಲ. ಅದನ್ನು ಹೇಳಿದ ದಿನ ಗಿರಿಯಮ್ಮ ತಮಾಷೆ ಮಾಡಲಿಲ್ಲ. ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿ, ನಾನು ಉಣ್ಣುವವರೆಗೂ ಎದುರಿಗೇ ಕೂತಿದ್ದಳು. ಅವತ್ತೇ ನನಗೆ ಗೊತ್ತಾಯಿತು, ನಾನು ಇವಳಿಲ್ಲದೆ ಇರಲಾರೆ ಅಂತ.

ನಮ್ಮವರಲ್ಲಿ ಇದಕ್ಕೆ ಅಡ್ಡಿಯಿಲ್ಲ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ, ಹಿರಿಯರು ಎಲೆ ಅಡಿಕೆ ಹಂಚಿದರೆ ಕೂಡಿಕೆ ಆದಂತೆ. ಗಿರಿಯಮ್ಮನ ಒಪ್ಪಿಗೆ ಕೇಳಿದೆ. "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂದಳು. ಹಟ್ಟಿಯ ಯಜಮಾನ ದೊಡ್ಡತಿಮ್ಮಪ್ಪನ ಹತ್ತಿರ ಹೋದೆ.

ಅವನು ನನ್ನನ್ನು ತುಂಬಾ ಮರ್ಯಾದೆಯಿಂದ ಕೂರಿಸಿದ. "ಬ್ಯಾರೆ ಯಾವಳಾದ್ರೂ ಆಗಿದ್ರೆ ಈ ವಾರವೇ ಎಲೆ ಅಡಿಕೆ ಹಂಚ್ತಿದ್ದೆ ತಮ್ಮಾ. ಆದ್ರೆ ಅವ್ಳು ವೀರನ ಹೆಂಡ್ತಿ. ಕಲ್ಲಿನಾಗೆ ಗಂಡನ ಪಕ್ಕ ನಿಂತೋಳ್ನ ಇನ್ನೊಬ್ಬನ ಮನೆಗೆ ಕಳ್ಸಾಕೆ ಆಗಲ್ಲ. ಅವನು ಹೆಂಗೆ ಸತ್ತ ಅಂತ ನಮಗೆ ಹೇಳಿದೋನೇ ನೀನು."

ನನ್ನ ಕೈಯಾರೆ ನಾನೇ ಕಟ್ಟಿದ ಗೋಡೆ. ಯಾರನ್ನು ಬೈಯಲಿ?

ಬಾವಿಯ ಹತ್ತಿರ ಗಿರಿಯಮ್ಮನಿಗೆ ನಿಜ ಹೇಳಿದೆ. ಡೇರೆ, ಜ್ವರ, ಒಂಬತ್ತು ದಿನ, ಎಲ್ಲ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಾವಿಯ ಕಟ್ಟೆ ಹಿಡಿದು ಕೂತಳು.

"ಹೊದಿಯಾಕೆ ಏನಾದ್ರೂ ಇತ್ತಾ?"

"ನನ್ನ ಕಂಬಳಿನೂ ಹೊದ್ಸಿದ್ದೆ."

"ಅವನಿಗೆ ಚಳಿ ತಡಿಯಾಕೆ ಆಗ್ತಿರ್ಲಿಲ್ಲ," ಅಂದು ಅಳತೊಡಗಿದಳು. ಕಲ್ಲಿನ ಮೇಲಿನ ಆ ಕುದುರೆ ಸವಾರನಿಗಾಗಿ ಅವಳು ಒಂದು ದಿನವೂ ಹೀಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಗಂಡನಿಗಾಗಿ ಅಳುವ ಅಳುವನ್ನೂ ನಾನು ಅವಳಿಂದ ಇಷ್ಟು ದಿನ ಕಿತ್ತುಕೊಂಡಿದ್ದೆ. ನಾಚಿಕೆಯಾಯಿತು.

ಅತ್ತು ಮುಗಿಸಿ ಮುಖ ತೊಳೆದುಕೊಂಡಳು. "ನಾಳೆ ಸೋಮವಾರ. ಕಲ್ಲಿಗೆ ಹಾಲು ಎರಿಯಾಕೆ ಎಲ್ಲಾರೂ ಸೇರ್ತಾರೆ. ಅಲ್ಲಿ ಹೇಳ್ರಿ. ಹೊಲ ಉಳೋದು ಬಿಟ್ರೆ ಬಿಡ್ಲಿ. ಅತ್ತೆನ ಕರ್ಕಂಡೇ ನಿಮ್ಮ ಊರಿಗೆ ಬರ್ತೀನಿ."

ನೀನೇ ಹೇಳಬಾರದೇ ಅಂದೆ. ಕೂಡಿಕೆಯ ಆಸೆಗೆ ಸತ್ತ ಗಂಡನ ಮೇಲೆ ಇಲ್ಲದ್ದು ಹುಟ್ಟಿಸಿದಳು ಅನ್ನುತ್ತಾರೆ, ನಿಮ್ಮ ಬಾಯಿಂದಲೇ ಬರಬೇಕು ಅಂದಳು. ಮಾತು ಕೊಟ್ಟೆ. ಮೊದಲ ಸಲ ಅವಳು ನನ್ನ ಕೈ ಮುಟ್ಟಿದಳು.

ಬೆಳಿಗ್ಗೆ ಎಲ್ಲರೂ ಸೇರಿದ್ದರು. ಗಿರಿಯಮ್ಮ ಹಿಂದಿನ ಸಾಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಒಂದು ಮಾತು ಹೇಳಬೇಕು ಅಂದೆ. ಗದ್ದಲ ನಿಂತಿತು. ಕಲ್ಲಿನ ಬುಡದಲ್ಲಿ ಕೂತಿದ್ದ ಏಕನಾಥಮ್ಮ ನನ್ನತ್ತ ತಿರುಗಿ, ಇಷ್ಟಗಲ ಮುಖ ಮಾಡಿಕೊಂಡು, "ಹೇಳಪ್ಪಾ, ನನ್ ಮಗ ಹೆಂಗೆ ನುಗ್ಗಿದ ಅಂತ ಇನ್ನೊಂದು ಸಲ ಹೇಳು," ಅಂದಳು.

ಹೇಳಿದೆ. ಹೈಫಾ, ಗುಂಡು, ಭರ್ಜಿ. ಹಿಂದೆ ಯಾವತ್ತೂ ಹೇಳದಷ್ಟು ಚೆನ್ನಾಗಿ ಹೇಳಿದೆ. ಮುದುಕಿಗಾಗಿ ಹೇಳಿದೆ ಅಂತ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಅಷ್ಟು ಜನರ ಮುಂದೆ ಸುಳ್ಳುಗಾರ ಅನ್ನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ಕಥೆ ಮುಗಿದಾಗ ಹಿಂದಿನ ಸಾಲಿನಲ್ಲಿ ಅವಳಿರಲಿಲ್ಲ.

ಹೊರಡುವಾಗ ಗಾಡಿಯ ಹತ್ತಿರ ಬಂದಳು. ಕಣ್ಣಲ್ಲಿ ನೀರಿರಲಿಲ್ಲ.

"ಇನ್ನು ಬರಬ್ಯಾಡ್ರಿ. ನೀವು ಬಂದ್ರೆ ಅತ್ತೆ ಕೇಳ್ತಾಳೆ. ಅವ್ಳು ಕೇಳಿದ್ರೆ ನೀವು ಹೇಳ್ತೀರಿ. ನಾನು ಅದನ್ನ ಕೇಳ್ಕಂಡು ನಿಂತಿರಾಕಾಗಲ್ಲ."

ಗಿರಿ ಅಂದೆ. ಅವಳು ಗಾಡಿಯವನಿಗೆ ಹೊಡಿಯಪ್ಪಾ ಅಂದಳು.

ಆ ಮನೆಯನ್ನು ಬೇರೊಬ್ಬ ಸವಾರನ ಪಾಲಿಗೆ ಹಾಕಿ ಅಂತ ಸಾಹೇಬರನ್ನು ಕೇಳಿಕೊಂಡೆ. ಗೋವಿಂದಪ್ಪ ಅನ್ನುವವನು ಹೋಗಿಬರುತ್ತಿದ್ದಾನೆ. ಹೋದ ತಿಂಗಳು ಸಿಕ್ಕಿದ್ದ. ಎಲ್ಲ ಕ್ಷೇಮ ಅಂದ. ಮುದುಕಿ ಈಗ ಹಾಸಿಗೆ ಹಿಡಿದಿದ್ದಾಳಂತೆ, ದಿನಾ ಮಗನ ಕಥೆ ಕೇಳುತ್ತಾಳಂತೆ. ಹೇಳುವವರು ಯಾರು ಅಂದೆ.

"ಇನ್ಯಾರು, ಗಿರಿಯಮ್ಮನೇ," ಅಂದ. "ಹೈಫಾನ ಕಣ್ಣಾರೆ ಕಂಡೋಳ ಹಂಗೆ ಹೇಳ್ತಾಳೆ."